ಗಾಯ ಕಾಣಿಸದಿದ್ದರೂ ಗಡುವು ಓಡುತ್ತಿರುತ್ತದೆ

ಪ್ರಶ್ನೆ: ಸಾರ್, ನಾವು ಕೊರಟಗೆರೆ ತಾಲೂಕಿನವರು. ನಮ್ಮ ಮನೆಯವರು ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟರ್ ಕಡೆಯಿಂದ ಪವರ್ ಪ್ರೆಸ್ ಆಪರೇಟರ್ ಆಗಿದ್ದರು. ಸಂಬಳ 17,500 ರೂಪಾಯಿ. 2024ರ ಜೂನ್ 18ರ ರಾತ್ರಿ ಪಾಳಿಯಲ್ಲಿ ಪಕ್ಕದ ಮಷೀನಿಗೆ ಜೊತೆಗಾರನ ಕೈ ಸಿಕ್ಕಿಕೊಂಡಿತು. ಓಡಿಹೋಗಿ ಎಳೆದು ಬಿಡಿಸಿದ್ದು ಇವರೇ. ಆಗ ಇವರಿಗೆ 30 ವರ್ಷ. ಇವರ ಅಂಗೈಗೂ ನಾಲ್ಕು ಹೊಲಿಗೆ ಬಿತ್ತು, ಹತ್ತು ದಿನಕ್ಕೆ ವಾಸಿಯಾಯಿತು. ಆಸ್ಪತ್ರೆ ಖರ್ಚು ಕಂಪನಿಯವರೇ ಕೊಟ್ಟರು. ಆಮೇಲೆ ಎರಡು ತಿಂಗಳು ಹೇಗೋ ಕೆಲಸಕ್ಕೆ ಹೋದರು. ಅಷ್ಟರಲ್ಲಿ ನಿದ್ದೆ ಹೋಯಿತು. ಮಷೀನ್ ಸದ್ದು ಕೇಳಿದರೆ ಮೈಯೆಲ್ಲ ಬೆವರು. ಮನೆಯಲ್ಲಿ ಪಾತ್ರೆ ಬಿದ್ದರೂ ಬೆಚ್ಚಿ ಬೀಳುತ್ತಾರೆ. ಕೆಲಸ ಬಿಟ್ಟರು, ಕುಡಿಯುವುದು ಶುರುವಾಯಿತು. ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿದೆವು. ಕಳೆದ ತಿಂಗಳು ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ಇದು ಆಘಾತದ ನಂತರ ಬರುವ ಮಾನಸಿಕ ಕಾಯಿಲೆ ಎಂದರು. ಈಗ ಒಂದು ವರ್ಷ ಒಂಬತ್ತು ತಿಂಗಳಾಗಿದೆ. 'ಕೈ ವಾಸಿಯಾಯಿತಲ್ಲ, ವರ್ಷದ ಮೇಲಾಯಿತು, ಇನ್ನು ಯಾವ ಕೇಸೂ ನಿಲ್ಲಲ್ಲ' ಎನ್ನುತ್ತಾರೆ ಕಾಂಟ್ರಾಕ್ಟರ್. ಸ್ಲಿಪ್‌ನಲ್ಲಿ ಇಎಸ್‌ಐ ಹಿಡಿದಿದ್ದಾರೆ ಅನಿಸುತ್ತೆ, ಆದರೆ ಕಾರ್ಡ್ ಕೊಟ್ಟಿಲ್ಲ. ನಮಗೆ ಏನೂ ಸಿಗಲ್ವಾ?

ಉತ್ತರ: ಅಮ್ಮಾ, ಮೊದಲು ಕಾಂಟ್ರಾಕ್ಟರ್ ಮಾತನ್ನು ಬದಿಗಿಡಿ. ಅವರು ಹೇಳಿದ ಎರಡೂ ತಪ್ಪು. ಕೈ ವಾಸಿಯಾದ ಮಾತ್ರಕ್ಕೆ ಹಕ್ಕು ಮುಗಿಯುವುದಿಲ್ಲ. ಗಡುವು ಒಂದು ವರ್ಷವಲ್ಲ, ಎರಡು. ಅಂದರೆ ನಿಮಗೆ 2026ರ ಜೂನ್ 17ರವರೆಗೆ ಕಾಲ ಇದೆ. ಆದರೆ ಮೂರು ತಿಂಗಳು ಇದೆಯಲ್ಲ ಅಂತ ನಿಧಾನ ಮಾಡಬೇಡಿ. ಮೇ ತಿಂಗಳಲ್ಲಿ ಸಿವಿಲ್ ಕೋರ್ಟುಗಳಿಗೆ ಬೇಸಿಗೆ ರಜೆ ಬರುತ್ತದೆ. ಏಪ್ರಿಲ್‌ನಲ್ಲೇ ಅರ್ಜಿ ಹಾಕುವ ಲೆಕ್ಕದಲ್ಲಿ ಹೊರಡಿ.

ನಿಮ್ಮ ಯಜಮಾನರ ಅಪಘಾತಕ್ಕೆ ಅನ್ವಯಿಸುವುದು 1923ರ ನೌಕರರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ನಿಜ. ಆದರೆ ಅಪಘಾತ ಅದಕ್ಕೂ ಮೊದಲೇ ಆಗಿದೆ, ಹಕ್ಕು ಹುಟ್ಟಿದ್ದು ಹಳೆಯ ಕಾಯ್ದೆಯಲ್ಲಿ. ಹೊಸದರಲ್ಲೂ ಗಡುವು ಎರಡೇ ವರ್ಷ. 'ಹಳೆ ಕಾನೂನು ಹೋಯಿತು, ನಿಮ್ಮ ಕೇಸೂ ಹೋಯಿತು' ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಮನಸ್ಸಿಗಾದ ಗಾಯ ಕಾನೂನಿನ ಕಣ್ಣಿಗೆ ಗಾಯವೇ? ಕಾಯ್ದೆಯ 3ನೇ ಕಲಂ ಹೇಳುವುದು ಇಷ್ಟು: ಕೆಲಸದಿಂದಾಗಿ, ಕೆಲಸದ ಹೊತ್ತಿನಲ್ಲಿ ಆದ ಅಪಘಾತದಿಂದ ನೌಕರನಿಗೆ ಗಾಯವಾದರೆ ಮಾಲೀಕ ಪರಿಹಾರ ಕೊಡಬೇಕು. ಗಾಯ ಅಂದರೆ ಮೂಳೆ, ಚರ್ಮ, ರಕ್ತ ಮಾತ್ರ ಎಂದು ಅದು ಎಲ್ಲೂ ಹೇಳಿಲ್ಲ. ನಮ್ಮ ಕಾಯ್ದೆ ಇಂಗ್ಲೆಂಡಿನ ಕಾರ್ಮಿಕ ಪರಿಹಾರ ಕಾಯ್ದೆಯ ಅಚ್ಚಿನಲ್ಲಿ ಬಂದದ್ದು. ಅಲ್ಲಿ 1910ರಲ್ಲೇ ಯೇಟ್ಸ್ ಎಂಬ ಕಲ್ಲಿದ್ದಲು ಗಣಿ ಕಾರ್ಮಿಕನ ಪ್ರಕರಣ ತೀರ್ಮಾನವಾಯಿತು. ಗಣಿಯೊಳಗೆ ಜೊತೆಗಾರನಿಗೆ ಪ್ರಾಣ ಹೋಗುವಂಥ ಪೆಟ್ಟು ಬಿತ್ತು. ಕೂಗು ಕೇಳಿ ಓಡಿದ ಯೇಟ್ಸ್ ಅವನನ್ನು ಎತ್ತಿದ. ಯೇಟ್ಸ್ ಮೈಗೆ ಏನೂ ಆಗಲಿಲ್ಲ. ಆದರೆ ಆ ಆಘಾತದಿಂದ ಮತ್ತೆ ಕೆಲಸ ಮಾಡಲಾಗಲಿಲ್ಲ. ಕೆಲಸಕ್ಕೆ ಬಾರದಂತೆ ಮಾಡಿದ ಆಘಾತವೂ ಕಾಲು ಮುರಿದಷ್ಟೇ ನಿಜವಾದ ಗಾಯ ಎಂದು ಕೋರ್ಟ್ ಹೇಳಿತು. ನಿಮ್ಮ ಮನೆಯವರ ಕಥೆಗೂ ಆ ಗಣಿ ಕಾರ್ಮಿಕನ ಕಥೆಗೂ ಎಷ್ಟು ಹೋಲಿಕೆ ಇದೆ ನೋಡಿ. ನಿಮ್ಮ ವಕೀಲರು ಇದನ್ನು ಕೋರ್ಟಿನ ಮುಂದೆ ಇಡಲೇಬೇಕು. ಆ ತೀರ್ಪು ನಮ್ಮ ಕೋರ್ಟನ್ನು ಕಟ್ಟಿಹಾಕುವುದಿಲ್ಲ, ಆದರೆ ದಾರಿ ತೋರಿಸುತ್ತದೆ.

ನಮ್ಮ ಕಾಯ್ದೆಯ 3ನೇ ಕಲಂನಲ್ಲಿ 'ಅಪಘಾತ' ಎಂಬ ಪದಕ್ಕೆ ತೂಕ ಜಾಸ್ತಿ. ಒಂದು ದಿನ, ಒಂದು ಹೊತ್ತು, ಒಂದು ಘಟನೆ ಇರಬೇಕು. ನಿಮ್ಮಲ್ಲಿ ಅದಿದೆ. ಟಾರ್ಗೆಟ್ ಒತ್ತಡ, ಸೂಪರ್‌ವೈಸರ್ ಬೈಗುಳ, ವರ್ಷಗಟ್ಟಲೆ ರಾತ್ರಿ ಪಾಳಿ, ಇವುಗಳಿಂದ ಖಿನ್ನತೆಗೆ ಬಿದ್ದವರು ನನ್ನ ಬಳಿ ತುಂಬಾ ಜನ ಬರುತ್ತಾರೆ. ಅವರ ನೋವೂ ಸಣ್ಣದಲ್ಲ. ಆದರೆ ಈ ಕಾಯ್ದೆಯಲ್ಲಿ ಅಂಥ ಕೇಸು ನಿಲ್ಲಿಸುವುದು ಬಹಳ ಕಷ್ಟ. ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಉದ್ಯೋಗದಿಂದ ಬರುವ ಕಾಯಿಲೆಗಳ ಪಟ್ಟಿ ಇದೆ. ಕೆಜಿಎಫ್ ಕಡೆಯವರಿಗೆ ಗೊತ್ತಿರುವ ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳಿನಿಂದ ಶ್ವಾಸಕೋಶ ಕೆಡುವ ಕಾಯಿಲೆ, ಅದರಲ್ಲಿದೆ. ಸೀಸ, ಪಾದರಸದ ವಿಷವೂ ಇದೆ. ಮಾನಸಿಕ ಕಾಯಿಲೆ ಇಲ್ಲ. ಅದು ಆ ಪಟ್ಟಿಯ ದೊಡ್ಡ ಕೊರತೆ ಎಂದೇ ನಾನು ತಿಳಿದಿದ್ದೇನೆ.

ಇದನ್ನು ಓದುವ ಹೆಣ್ಣುಮಕ್ಕಳಿಗೆ, ಅದರಲ್ಲೂ ಗಾರ್ಮೆಂಟ್ಸ್ ಕಡೆ ಕೆಲಸ ಮಾಡುವವರಿಗೆ, ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಮನಸ್ಸು ಕೆಡಲು ಕಾರಣ ಲೈಂಗಿಕ ಕಿರುಕುಳ ಆಗಿದ್ದರೆ ದಾರಿ ಬೇರೆ. 2013ರ ಕಾಯ್ದೆಯ 15ನೇ ಕಲಂ ಮಾನಸಿಕ ಆಘಾತವನ್ನು ಹೆಸರು ಹಿಡಿದೇ ಪರಿಹಾರದ ಲೆಕ್ಕಕ್ಕೆ ಸೇರಿಸಿದೆ. ಆದರೆ ಅಲ್ಲಿ ದೂರಿಗೆ ಕಾಲ ಕೇವಲ ಮೂರು ತಿಂಗಳು. ಕಾರಣ ಬರೆದು ಕೊಟ್ಟರೆ ದೂರು ವಿಚಾರಿಸುವ ಸಮಿತಿ ಇನ್ನು ಮೂರು ತಿಂಗಳು ಕೊಡಬಹುದು, ಅಷ್ಟೇ.

ನಿಮ್ಮ ವಿಷಯಕ್ಕೆ ವಾಪಸ್ ಬರುತ್ತೇನೆ. ಎಲ್ಲಕ್ಕಿಂತ ಮೊದಲು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವಿಷಯ ಇತ್ಯರ್ಥ ಆಗಬೇಕು. ಸಂಬಳ 21,000ದ ಒಳಗಿದೆ, ಕಾರ್ಖಾನೆಯ ಕೆಲಸ. ಹಾಗಾಗಿ ಅವರು ಇಎಸ್‌ಐ ವ್ಯಾಪ್ತಿಗೆ ಬರುವ ಸಾಧ್ಯತೆಯೇ ಜಾಸ್ತಿ. ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ಮಾಲೀಕನಿಂದ 1923ರ ಕಾಯ್ದೆಯ ಪರಿಹಾರ ಕೇಳುವಂತಿಲ್ಲ, ಇಎಸ್‌ಐ ನಿಗಮದಿಂದಲೇ ಕೇಳಬೇಕು. ಅದರಿಂದ ನಷ್ಟ ಅಂದುಕೊಳ್ಳಬೇಡಿ. ಕೆಲಸದ ಗಾಯದಿಂದ ದುಡಿಯಲಾಗದ ದಿನಗಳಿಗೆ ಸಂಬಳದ ಶೇಕಡ 90ರಷ್ಟು ಕೊಡುತ್ತಾರೆ. ಇಷ್ಟು ದಿನ ವಂತಿಗೆ ಕಟ್ಟಿರಬೇಕು ಎಂಬ ಷರತ್ತೂ ಇಲ್ಲ. ಶಾಶ್ವತ ನಷ್ಟವಿದ್ದರೆ ವೈದ್ಯಕೀಯ ಮಂಡಳಿ ಎಷ್ಟು ಶೇಕಡ ಎಂದು ನಿಗದಿ ಮಾಡುತ್ತದೆ. ಅದಕ್ಕೆ ತಕ್ಕಂತೆ ಜೀವನ ಪೂರ್ತಿ ತಿಂಗಳು ತಿಂಗಳು ಹಣ ಬರುತ್ತದೆ.

ಕಾರ್ಡ್ ಕೊಟ್ಟಿಲ್ಲ ಅಂತ ಹೆದರಬೇಡಿ. ಸ್ಲಿಪ್‌ಗಳನ್ನು ತೆಗೆದುಕೊಂಡು ತುಮಕೂರಿನ ಇಎಸ್‌ಐ ಶಾಖಾ ಕಚೇರಿಗೆ ಹೋಗಿ, ವಿಮಾ ಸಂಖ್ಯೆ ಇದೆಯಾ ಎಂದು ವಿಚಾರಿಸಿ. ಸಂಬಳದಲ್ಲಿ ಶೇಕಡ 0.75 ಹಿಡಿದಿದ್ದರೆ, ಅಂದರೆ ಸುಮಾರು 130 ರೂಪಾಯಿ, ಅದು ಇಎಸ್‌ಐ ಹಣವೇ. ಕಾಂಟ್ರಾಕ್ಟರ್ ಹಿಡಿದ ಹಣವನ್ನು ಕಟ್ಟದೇ ಇದ್ದರೂ, ಹೆಸರನ್ನೇ ಸೇರಿಸದೇ ಇದ್ದರೂ ನಿಮ್ಮ ಹಕ್ಕು ಹೋಗುವುದಿಲ್ಲ. ವಂತಿಗೆ ಕಟ್ಟಬೇಕಾಗಿದ್ದ ನೌಕರನೂ ಕಾನೂನಿನಲ್ಲಿ ವಿಮಾದಾರನೇ. ನಿಗಮ ನಿಮಗೆ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳುತ್ತದೆ.

ಅಲ್ಲಿನ ಗಡುವು ಬೇರೆ ರೀತಿ. ಸೌಲಭ್ಯ ಸಿಗಬೇಕಾದ ದಿನದಿಂದ 12 ತಿಂಗಳೊಳಗೆ ಕೇಳಬೇಕು. ಮೀರಿದರೆ ಸರಿಯಾದ ಕಾರಣ ತೋರಿಸಿ ಇಎಸ್‌ಐ ನ್ಯಾಯಾಲಯದಿಂದ ಹೆಚ್ಚಿನ ಸಮಯ ಪಡೆಯಬಹುದು. ಆ ನ್ಯಾಯಾಲಯಕ್ಕೆ ಹೋಗಲು ಮೂರು ವರ್ಷ ಕಾಲ ಇದೆ. ನಿಮ್ಮಲ್ಲಿ ಮೊದಲ ಕೆಲವು ತಿಂಗಳ ಬಾಬತ್ತಿಗೆ ತಡವಾಗಿದೆ ಎಂದು ಅವರು ಹೇಳಬಹುದು. ಅದಕ್ಕೆ ಉತ್ತರ ನಿಮ್ಮ ಡಾಕ್ಟರ ಬಳಿ ಇದೆ, ಆಮೇಲೆ ಹೇಳುತ್ತೇನೆ.

ಶಾಖಾ ಕಚೇರಿಯವರು 'ಇವರು ನಮ್ಮವರಲ್ಲ' ಎಂದರೆ? ಅಥವಾ ಏಪ್ರಿಲ್ ಮುಗಿದರೂ ಏನೂ ಹೇಳದೆ ಓಡಾಡಿಸಿದರೆ? ಆಗ ಕಾಯಬೇಡಿ. 1923ರ ಕಾಯ್ದೆಯಡಿಯೂ ಜೂನ್ 17ರೊಳಗೆ ಅರ್ಜಿ ಹಾಕಿಬಿಡಿ. ಅರ್ಜಿಯಲ್ಲಿ ಇಎಸ್‌ಐ ವಿಷಯ ಮುಚ್ಚಿಡದೆ ಬರೆಯಿರಿ. ತಪ್ಪು ಬಾಗಿಲು ತಟ್ಟಿದ್ದನ್ನು ಸರಿಮಾಡಿಕೊಳ್ಳಬಹುದು. ಯಾವ ಬಾಗಿಲನ್ನೂ ತಟ್ಟದೆ ತಾರೀಖು ದಾಟಿದವರಿಗಾಗಿ ವಾದ ಮಾಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

1923ರ ಕಾಯ್ದೆಯ ಅರ್ಜಿಗಳನ್ನು ತೀರ್ಮಾನಿಸುವವರಿಗೆ ಆಯುಕ್ತರು ಎನ್ನುತ್ತಾರೆ. ಕರ್ನಾಟಕದಲ್ಲಿ ಆ ಕೆಲಸವನ್ನು ಹಿರಿಯ ಸಿವಿಲ್ ನ್ಯಾಯಾಧೀಶರು ನೋಡುತ್ತಾ ಬಂದಿದ್ದಾರೆ. ಅಪಘಾತ ಆದ ಜಾಗದ ವ್ಯಾಪ್ತಿಯಲ್ಲಿ ಹಾಕಬಹುದು, ನೀವು ವಾಸ ಇರುವ ಊರಿನ ವ್ಯಾಪ್ತಿಯಲ್ಲೂ ಹಾಕಬಹುದು. ಕಾಂಟ್ರಾಕ್ಟರ್ ಜೊತೆಗೆ ಕಾರ್ಖಾನೆಯನ್ನೂ ಪ್ರತಿವಾದಿ ಮಾಡಿ. 12ನೇ ಕಲಂ ಪ್ರಕಾರ ಮೂಲ ಮಾಲೀಕನೂ ಜವಾಬ್ದಾರ. ವಕೀಲರ ಫೀಸಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೈಗಾರಿಕಾ ಕಾರ್ಮಿಕರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.

ಅರ್ಜಿಗೂ ಮೊದಲು ಮಾಲೀಕರಿಗೆ ನೋಟಿಸ್ ಹೋಗಬೇಕು. ಇದಕ್ಕೆ ವಕೀಲರೇ ಬೇಕು ಅಂತಿಲ್ಲ. ಯಾರಿಗೆ ಗಾಯವಾಯಿತು, ಯಾವ ದಿನ, ಯಾವ ಕಾರಣಕ್ಕೆ ಎಂದು ಸಾದಾ ಭಾಷೆಯಲ್ಲಿ ಬರೆದರೆ ಸಾಕು ಎಂದು ಕಾಯ್ದೆಯೇ ಹೇಳುತ್ತದೆ. ಕನ್ನಡದಲ್ಲೇ ಬರೆಯಿರಿ. ಅಂಗೈ ಗಾಯದ ಜೊತೆಗೆ ಮನಸ್ಸಿಗಾದ ಗಾಯ ಎಂದು ಬಿಡಿಸಿ ಬರೆಯಿರಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. 'ನೋಟಿಸ್ ತಡವಾಗಿ ಬಂತು' ಎಂದು ಅವರು ತಕರಾರು ತೆಗೆಯಬಹುದು. ಆದರೆ ಅಪಘಾತದ ವಿಷಯ ಮಾಲೀಕನಿಗೆ ಆಗಲೇ ಬೇರೆ ದಾರಿಯಲ್ಲಿ ತಿಳಿದಿದ್ದರೆ ನೋಟಿಸ್ ಇಲ್ಲದಿರುವುದು ಕೇಸಿಗೆ ಅಡ್ಡಿಯಾಗುವುದಿಲ್ಲ. ಆ ರಾತ್ರಿಯ ಆಸ್ಪತ್ರೆ ಬಿಲ್ ಕಂಪನಿಯೇ ಕಟ್ಟಿದೆ ಅಲ್ವಾ? ಅದಕ್ಕಿಂತ ಸಾಕ್ಷಿ ಬೇಕಾ? ಆ ಬಿಲ್ಲಿನ ಪ್ರತಿ ಹುಡುಕಿ.

ಇನ್ನು ಕೇಸಿನ ಜೀವ ಇರುವ ಜಾಗ, ಡಾಕ್ಟರ ಕಾಗದ. ಬೆರಳು ಹೋದರೆ ಕಾಯ್ದೆಯ ಮೊದಲ ಅನುಸೂಚಿ ತೆಗೆದರೆ ಸಾಕು: ತೋರುಬೆರಳು ಪೂರ್ತಿ ಹೋದರೆ ಶೇಕಡ 14, ಹೆಬ್ಬೆರಳು 30. ಮನಸ್ಸಿಗೆ ಅಂಥ ಕೋಷ್ಟಕ ಇಲ್ಲ. ಪಟ್ಟಿಯಲ್ಲಿಲ್ಲದ ಗಾಯಕ್ಕೆ ದುಡಿಯುವ ಶಕ್ತಿ ಎಷ್ಟು ಕಡಿಮೆಯಾಗಿದೆ ಎಂದು ಅರ್ಹ ವೈದ್ಯರೇ ಲೆಕ್ಕ ಹಾಕಿ ಹೇಳಬೇಕು. ನಿಮ್ಮಲ್ಲಿ ಅದು ಮನೋವೈದ್ಯರ ಕೆಲಸ. ಆಪ್ತಸಮಾಲೋಚಕರ ಪತ್ರ ಒಳ್ಳೆಯದೇ, ಆದರೆ ಅದೊಂದರಿಂದಲೇ ಆಗುವುದಿಲ್ಲ.

ಡಾಕ್ಟರ ಹತ್ತಿರ ಹೋದಾಗ ಬರೀ 'ನಿದ್ದೆ ಬರಲ್ಲ, ಟೆನ್ಷನ್' ಎಂದು ಹೇಳಿ ಬರಬೇಡಿ. ಅಪಘಾತದ ದಿನ ಹೇಳಿ. ಏನು ಕಂಡರು, ಏನು ಕೇಳಿಸಿತು ಹೇಳಿ. ಅದಕ್ಕೂ ಮೊದಲು ಹೇಗಿದ್ದರು, ಎಷ್ಟು ವರ್ಷ ಅದೇ ಮಷೀನಿನಲ್ಲಿ ಸಲೀಸಾಗಿ ದುಡಿದರು ಹೇಳಿ. ಅದೇ ಕನಸು ಎಷ್ಟು ಸಲ ಬರುತ್ತೆ, ಯಾವ ದಾರಿಯಲ್ಲಿ ಬಸ್ ಹೋದರೆ ಇಳಿದುಬಿಡುತ್ತಾರೆ, ಇಂಥವನ್ನೆಲ್ಲ ನೀವೂ ಜೊತೆಗಿದ್ದು ಹೇಳಿ. ನೀವು ಹೇಳಿದ್ದು ಕೇಸ್ ಶೀಟ್‌ನಲ್ಲಿ ಬರಬೇಕು. ನೀವು ಕೇಸು ಹಾಕುವ ಮೊದಲೇ, ಚಿಕಿತ್ಸೆಗೆಂದೇ ಬರೆದ ಸಾಲುಗಳಿಗೆ ಕೋರ್ಟಿನಲ್ಲಿ ಬೆಲೆ ಹೆಚ್ಚು. ಆ ದಾಖಲೆಗಳ ಪ್ರತಿ ಪಡೆಯುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟಿದೆ.

ಸರ್ಟಿಫಿಕೇಟ್‌ನಲ್ಲಿ ಮೂರು ವಿಷಯ ಇರಲೇಬೇಕು: ಕಾಯಿಲೆಯ ಹೆಸರು, ಆ ಅಪಘಾತದಿಂದಲೇ ಬಂದದ್ದು ಎಂಬ ಅಭಿಪ್ರಾಯ, ಅದರಿಂದ ಪ್ರೆಸ್ ಕೆಲಸ ಏಕೆ ಮಾಡಲಾಗದು ಎಂಬ ವಿವರಣೆ. ನಡುವಿನದು ಬಿಟ್ಟುಹೋಗಿ ಬಿದ್ದ ಕೇಸುಗಳೇ ಜಾಸ್ತಿ. ಸುಪ್ರೀಂ ಕೋರ್ಟ್ ಕೂಡ ಈ ಕೊಂಡಿಯನ್ನೇ ಕೇಳುತ್ತದೆ. ಕೆಲಸದ ಹೊತ್ತಿನಲ್ಲಿ ಹೃದಯಾಘಾತವಾಯಿತು ಎಂದಷ್ಟೇ ಹೇಳಿದರೆ ಸಾಲದು, ಕೆಲಸದ ಒತ್ತಡ ಅದಕ್ಕೆ ಕಾರಣವಾಯಿತು ಎಂದು ತೋರಿಸಬೇಕು ಎಂದು 2006ರ ಶಕುಂತಲಾ ಶ್ರೇಷ್ಠಿ ಪ್ರಕರಣದಲ್ಲಿ ಹೇಳಿತು. 2012ರ ಪರಮ್ ಪಾಲ್ ಸಿಂಗ್ ಪ್ರಕರಣದಲ್ಲಿ ಲಾರಿ ಚಾಲಕ ದೂರದ ಪ್ರಯಾಣದ ದಣಿವಿನಲ್ಲಿ ದಾರಿಯಲ್ಲೇ ಕುಸಿದು ತೀರಿಕೊಂಡಿದ್ದ. ಅಲ್ಲಿ ಕೊಂಡಿ ಕಂಡಿತು, ಪರಿಹಾರ ಸಿಕ್ಕಿತು.

'ಅವನು ಕೂಲಿ ಕೆಲಸ ಮಾಡಬಹುದಲ್ಲ, ಹೊಲ ಉಳಬಹುದಲ್ಲ' ಎಂದು ಮಾಲೀಕರ ಕಡೆಯ ವಿಮಾ ಕಂಪನಿ ವಕೀಲರು ಕೇಳೇ ಕೇಳುತ್ತಾರೆ. ಅದಕ್ಕೆ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದ ಹಳೆಯ ತೀರ್ಪು ನೆನಪಿರಲಿ. ಎಡಗೈ ಕಳೆದುಕೊಂಡ ಬಡಗಿಗೆ ಇನ್ನೊಂದು ಕೈ ಇತ್ತು. ಆದರೂ ಒಂದೇ ಕೈಯಲ್ಲಿ ಬಡಗಿತನ ಆಗದು, ಆದ್ದರಿಂದ ನಷ್ಟ ಪೂರ್ಣ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮಷೀನ್ ಸದ್ದಿಗೆ ಕೈ ನಡುಗುವ ಮನುಷ್ಯ ಪ್ರೆಸ್ ಮುಂದೆ ನಿಂತರೆ ಅವನ ಕೈಗೂ ಅಪಾಯ, ಪಕ್ಕದವನ ಕೈಗೂ ಅಪಾಯ. ಇದನ್ನು ಡಾಕ್ಟರ ಬಾಯಲ್ಲೇ ಹೇಳಿಸಬೇಕು.

ಕುಡಿತದ ವಿಷಯ ನೀವು ಮುಚ್ಚಿಡದೆ ಬರೆದಿದ್ದೀರಿ, ಒಳ್ಳೆಯದಾಯಿತು. ಕಾಯ್ದೆ ನೋಡುವುದು ಅಪಘಾತದ ಹೊತ್ತಿನಲ್ಲಿ ಕುಡಿದಿದ್ದರಾ ಎಂದು. ಆಮೇಲೆ ಶುರುವಾದ ಕುಡಿತ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ. ಆದರೆ ಎದುರಿನವರು 'ಕಾಯಿಲೆ ಕುಡಿತದಿಂದ ಬಂದದ್ದು' ಎಂದು ತಿರುಗಿಸುತ್ತಾರೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಕೇಸ್ ಶೀಟ್‌ನಲ್ಲಿ ಸ್ಪಷ್ಟವಾಗಿರಲಿ. ತಾಯಿತ ಕಟ್ಟಿಸಿದ್ದಕ್ಕೂ ನಾಚಿಕೆ ಪಡಬೇಡಿ. ಯಾವಾಗ ಎಲ್ಲಿಗೆ ಕರೆದುಕೊಂಡು ಹೋದಿರಿ ಎಂಬುದು, ಆಗಿನಿಂದಲೇ ಅವರು ಸರಿಯಿರಲಿಲ್ಲ ಎಂಬುದಕ್ಕೆ ಸಾಕ್ಷಿ. ಜೊತೆ ಬಂದಿದ್ದ ಅತ್ತೆ, ಮೈದುನ ಯಾರಾದರೂ ಅದನ್ನು ಹೇಳಬಹುದು.

ಈಗ ತಡದ ವಿಷಯ. ಈ ಕಾಯಿಲೆ ಕೆಲವರಲ್ಲಿ ಅಪಘಾತವಾಗಿ ಆರು ತಿಂಗಳು ಕಳೆದ ಮೇಲೆ ಪೂರ್ತಿ ರೂಪ ತಾಳುತ್ತದೆ. ಇನ್ನೊಂದು ಲಕ್ಷಣ, ಆ ಘಟನೆಯನ್ನು ನೆನಪಿಸುವ ಜಾಗ, ಮಾತು, ಕಾಗದ ಎಲ್ಲದರಿಂದ ದೂರ ಓಡುವುದು. ಕಂಪನಿಗೆ ಹೋಗಿ ಕಾಗದ ತನ್ನಿ ಎಂದರೆ ಅವರು ಏಕೆ ಹೋಗುವುದಿಲ್ಲ ಎಂದು ಈಗ ತಿಳಿಯಿತಲ್ಲ? ಅದು ಸೋಮಾರಿತನವಲ್ಲ, ಕಾಯಿಲೆಯ ಭಾಗ. ಆದರೆ ಕಾನೂನಿನ ಎರಡು ವರ್ಷ ಕಾಯಿಲೆ ಗೊತ್ತಾದ ದಿನದಿಂದಲ್ಲ, ಅಪಘಾತದ ದಿನದಿಂದ ಓಡುತ್ತದೆ. ಮನಸ್ಸಿನ ಗಾಯದವರಿಗೆ ಇದು ದೊಡ್ಡ ಅನ್ಯಾಯ ಎಂದು ನನ್ನ ಅಭಿಪ್ರಾಯ. ಕಾಯ್ದೆ ಒಂದು ಕಿಟಕಿ ಬಿಟ್ಟಿದೆ: ಸಾಕಷ್ಟು ಕಾರಣವಿದ್ದರೆ ತಡವಾದ ಅರ್ಜಿಯನ್ನೂ ಆಯುಕ್ತರು ತೆಗೆದುಕೊಳ್ಳಬಹುದು.

ಕೆಲವು ವರ್ಷಗಳ ಹಿಂದೆ ಗೌರಿಬಿದನೂರು ಕಡೆಯ ಒಬ್ಬ ಹೆಣ್ಣುಮಗಳ ಕೇಸು ನನ್ನ ಬಳಿ ಬಂದಾಗ ಗಡುವು ದಾಟಿ ನಾಲ್ಕು ತಿಂಗಳಾಗಿತ್ತು. ಕಾರಣ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿದೆವು. ಈ ಕಾಯಿಲೆಯವರು ಘಟನೆಯ ಮಾತೆತ್ತಲೂ ಆಗದೆ ತಪ್ಪಿಸಿಕೊಳ್ಳುತ್ತಾರೆ ಎಂದು ಅವರು ಎರಡು ಪ್ಯಾರಾ ಬರೆದರು. ತಡ ಮನ್ನಾ ಆಯಿತು. ಆದರೆ ಆ ಒಂದು ವಿಷಯಕ್ಕೇ ವರ್ಷದ ಹತ್ತಿರ ಹೋಯಿತು. ಆ ವರ್ಷ ಅವರ ಮನೆ ಹೇಗೆ ನಡೆಯಿತೋ ನೆನೆದರೆ ಈಗಲೂ ಸಂಕಟ ಆಗುತ್ತದೆ. ನಿಮಗೆ ಆ ಕಿಟಕಿಯ ಅಗತ್ಯವೇ ಬರಬಾರದು. ಇಎಸ್‌ಐ ಕಡೆಯ 12 ತಿಂಗಳ ತಡಕ್ಕೆ ಮಾತ್ರ ಅಂಥದೇ ಪತ್ರ ಬರೆಸಿಕೊಳ್ಳಿ.

ಎಷ್ಟು ಸಿಗಬಹುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಲ್ಲದಿದ್ದರೆ ಹತ್ತು ಸಾವಿರ ಕೈಗಿಟ್ಟು ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡುಬಿಡುತ್ತಾರೆ. 1923ರ ಕಾಯ್ದೆಯಡಿಯ ಲೆಕ್ಕ ಹೀಗೆ: 2020ರ ಜನವರಿಯಿಂದ ತಿಂಗಳ ಸಂಬಳವನ್ನು ಗರಿಷ್ಠ 15,000 ಎಂದು ಹಿಡಿಯುತ್ತಾರೆ. ಅದರ ಶೇಕಡ 60 ಅಂದರೆ 9,000. 30 ವರ್ಷ ವಯಸ್ಸಿಗೆ ಅನುಸೂಚಿಯ ಗುಣಕ 207.98. ಗುಣಿಸಿದರೆ 18,71,820 ರೂಪಾಯಿ, ಇದು ಪೂರ್ಣ ನಷ್ಟಕ್ಕೆ. ದುಡಿಯುವ ಶಕ್ತಿ ಶೇಕಡ 30 ಕುಂದಿದೆ ಎಂದು ತೀರ್ಮಾನವಾದರೆ 5,61,546. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡ 12 ಬಡ್ಡಿ. ಸರಿಯಾದ ಕಾರಣವಿಲ್ಲದೆ ತಡಮಾಡಿದರೆ ಬಾಕಿಯ ಅರ್ಧದವರೆಗೆ ದಂಡ ಬೇರೆ. ಮುಂದೆ ಏನೂ ಕೇಳುವುದಿಲ್ಲ ಎಂದು ಈಗಾಗಲೇ ಸಹಿ ಹಾಕಿದ್ದರೂ ಧೈರ್ಯವಾಗಿರಿ. ಕಾಯ್ದೆಯ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದಕ್ಕೆ 17ನೇ ಕಲಂ ಪ್ರಕಾರ ಬೆಲೆಯೇ ಇಲ್ಲ.

ಚಿಕಿತ್ಸೆ ಮಾತ್ರ ಕೇಸಿಗಾಗಿ ಕಾಯಬಾರದು. ಹುಷಾರಾದರೆ ಪರಿಹಾರ ಕಡಿಮೆಯಾಗುತ್ತೆ ಎಂದು ಯಾರೋ ಹೇಳಿದ್ದಕ್ಕೆ ಮಾತ್ರೆ ನಿಲ್ಲಿಸಿದವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ರಾತ್ರಿ ಹೊತ್ತು ಅವರು ತೀರಾ ಕಂಗೆಟ್ಟರೆ, ಜೀವ ಬೇಡ ಎಂಬ ಮಾತು ಬಂದರೆ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಒಂದು ಕೆಲಸ ಈ ವಾರವೇ ಮಾಡಿ. ಕೈ ಸಿಕ್ಕಿಕೊಂಡಿದ್ದ ಆ ಜೊತೆಗಾರನ ಮನೆಗೆ ನೀವೇ ಹೋಗಿ. ಆ ರಾತ್ರಿ ನನ್ನನ್ನು ಎಳೆದದ್ದು ಇವನೇ ಎಂದು ಹೇಳಬಲ್ಲವನು ಅವನು. ಅವನ ಕೇಸು ಎಲ್ಲಿಗೆ ಬಂದಿದೆ ಕೇಳಿ. ಅವನು ಅರ್ಜಿ ಹಾಕಿದ್ದರೆ ಅದರ ನಂಬರ್ ಬರೆದುಕೊಂಡು ಬನ್ನಿ. ಅವನೂ ಹಾಕಿಲ್ಲ ಎಂದಾದರೆ, ಅವನಿಗೂ ಜೂನ್ 17ರ ತಾರೀಖನ್ನು ಹೇಳಿ ಬನ್ನಿ.